ಅಳಿಸಿದ ಸಾಲು

ಆ ವರ್ಷ ಓಣಂ ರಜೆ ಮುಗಿದು ಮಳೆ ಹೊಳವಾದಾಗ ನಮ್ಮ ವಿಜ್ಞಾನದ ಟೀಚರ್ ಒಂಬತ್ತನೆಯ ತರಗತಿಗೆ ಒಂದು ವಿಚಿತ್ರ ಮನೆಗೆಲಸ ಕೊಟ್ಟರು. ಹಂಚಿನ ಸಂದಿಯಿಂದ ಚಾವಡಿಗೆ ಬೀಳುವ ಬಿಸಿಲಿನ ಬೊಟ್ಟನ್ನು ಅಳೆದು ತರಬೇಕು. ಸಂದಿ ಮೂರು ಮೂಲೆಯದಾದರೂ ಬೊಟ್ಟು ದುಂಡಗೇ ಇತ್ತು. ನೆಲದ ಮೇಲೆ ಮೊಟ್ಟೆಯಂತೆ ಉದ್ದವಾಗುತ್ತದೆ, ರಟ್ಟನ್ನು ಬಿಸಿಲಿಗೆ ಎದುರಾಗಿ ಹಿಡಿದರೆ ಸರಿಯಾದ ವೃತ್ತ. ಅದು ಸೂರ್ಯನದೇ ಬಿಂಬ ಎಂದು ಟೀಚರ್ ಹೇಳಿದ್ದು ಆಮೇಲೆ.

ಸಂದಿಯಿಂದ ರಟ್ಟಿಗಿರುವ ದೂರವನ್ನು ಬೊಟ್ಟಿನ ಅಗಲದಿಂದ ಭಾಗಿಸಬೇಕಿತ್ತು. ಸೂರ್ಯನ ದೂರವನ್ನು ಅವನ ಅಗಲದಿಂದ ಭಾಗಿಸಿದರೂ ಅದೇ ಸಂಖ್ಯೆ ಬರಬೇಕು. ನನಗೆ 98 ಬಂತು. ಪಕ್ಕದ ಬೆಂಚಿನವನು ಎಲ್ಲಿಂದಲೋ ನೋಡಿ 107 ಎಂದು ಬರೆದಿದ್ದ, ಅದೇ ಸರಿಯುತ್ತರ. "ನಿಮ್ಮ ಮನೆಯ ಸಂದಿ ಎಷ್ಟು ಎತ್ತರದಲ್ಲಿದೆ?" ಎಂದು ಟೀಚರ್ ಅವನನ್ನು ಕೇಳಿದರು. ಅವನದು ಟೆರೇಸ್ ಮನೆ. ಸೂರ್ಯನ ದೂರವಾದ ಹದಿನೈದು ಕೋಟಿ ಕಿಲೋಮೀಟರನ್ನು ನನ್ನ 98ರಿಂದ ಭಾಗಿಸಿದಾಗ ನಿಜಕ್ಕಿಂತ ಲಕ್ಷಕ್ಕೂ ಹೆಚ್ಚು ಕಿಲೋಮೀಟರ್ ದಪ್ಪದ ಸೂರ್ಯ ಸಿಕ್ಕಿದ. ಸಂದಿ ದೊಡ್ಡದಾದಷ್ಟೂ ಬೊಟ್ಟು ಹಿಗ್ಗುತ್ತದೆ ಎಂಬುದು ನನಗೆ ಹೊಳೆದದ್ದೇ ಆ ತಪ್ಪಿನಿಂದ.

2019ರ ಡಿಸೆಂಬರ್ 26ರ ಕಂಕಣ ಗ್ರಹಣ ನಮ್ಮ ಕಾಸರಗೋಡಿನ ಮೇಲೆಯೇ ಹಾದುಹೋಯಿತು. ಚೆರುವತ್ತೂರಿಗೆ ದೂರದೂರದಿಂದ ಜನ ಬಂದಿದ್ದರು. ಬದಿಯಡ್ಕದ ಬಳಿಯ ನಮ್ಮ ಮನೆಯಲ್ಲಿ ಮಾತ್ರ ಅಜ್ಜಿ ಬಾಗಿಲು ಹಾಕಿಸಿದ್ದರು. ಗೆಳೆಯರೆಲ್ಲ ಶಾಲೆಯ ಪದವಿನಲ್ಲಿ, ನಾನು ಚಾವಡಿಯಲ್ಲಿ ಮುಖ ಊದಿಸಿಕೊಂಡು ಕೂತಿದ್ದೆ. ಒಂಬತ್ತೂವರೆಗೆ ಸ್ವಲ್ಪ ಮೊದಲು ಹಂಚಿನ ಬೊಟ್ಟು ಕುಡುಗೋಲಾಗಿ, ನೋಡುತ್ತಿದ್ದಂತೆ ಬಳೆಯಾಯಿತು. ಸಂದಿಗೊಂದರಂತೆ ಚಾವಡಿಯ ತುಂಬ ಮಸುಕು ಬಳೆಗಳು. ಅಜ್ಜಿ ಜಪ ನಿಲ್ಲಿಸಿ, ಬಳೆಗಳನ್ನು ತುಳಿಯದಂತೆ ಕಾಲು ಎಳೆದುಕೊಂಡರು.

ಅಜ್ಜಿಗೆ ಮಳೆನಕ್ಷತ್ರಗಳೆಲ್ಲ ಬಾಯಿಪಾಠ. ಆದರೆ ಆರ್ದ್ರಾ ಮಳೆಯ ಆರ್ದ್ರೆ ಯಾವುದೆಂದು ಆಕಾಶದಲ್ಲಿ ಕಂಡಿರಲಿಲ್ಲ. ಕಾಣುವುದು ಹೇಗೆ? ಜೂನ್ ಕೊನೆಯಲ್ಲಿ ಸೂರ್ಯ ಆ ನಕ್ಷತ್ರದ ಕಡೆಗೇ ಇರುವುದರಿಂದಲೇ ಮಳೆಗೆ ಆ ಹೆಸರು. ಮೋಡವಿಲ್ಲದಿದ್ದರೂ ಅದು ಹಗಲಿನಲ್ಲಿ ಮುಳುಗಿಹೋಗಿರುತ್ತದೆ. ಆರು ತಿಂಗಳು ಕಳೆದು ಡಿಸೆಂಬರಿನಲ್ಲಿ ಮುಸ್ಸಂಜೆಗೆ ಪೂರ್ವದಲ್ಲಿ, ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜದ ಒಂದು ಭುಜವಾಗಿ, ಕೆಂಪಗೆ ಮೂಡುತ್ತದೆ. ಮಲಯಾಳಿ ಗೆಳತಿಯರು ಧನು ಮಾಸದಲ್ಲಿ ಆಡುವ ತಿರುವಾದಿರವೂ ಇದೇ ಆರ್ದ್ರೆಯದು. ಇದನ್ನು ತೋರಿಸಿದ ಟೀಚರ್, ವಾರಕ್ಕೊಮ್ಮೆ ಅದರ ಬೆಳಕನ್ನು ಅಕ್ಕಪಕ್ಕದ ನಕ್ಷತ್ರಗಳೊಡನೆ ಹೋಲಿಸಿ ಪುಸ್ತಕದಲ್ಲಿ ಬರೆಯಲು ಹೇಳಿದರು. ದೂರದರ್ಶಕ ಬೇಡ, ಕಣ್ಣು ಸಾಕು. (ಶಾಲೆಯ ಕಪಾಟಿನಲ್ಲಿ ದೂರದರ್ಶಕವೊಂದು ಇತ್ತಂತೆ. ಅದರ ಕೀಲಿಕೈ ಯಾರ ಬಳಿ ಇತ್ತೆಂಬುದು ನಾನು ಶಾಲೆ ಬಿಡುವವರೆಗೂ ಪತ್ತೆಯಾಗಲಿಲ್ಲ.)

ಜನವರಿಯ ಕೊನೆಯ ಒಂದು ರಾತ್ರಿ ನಾನು ಬರೆದೆ: "ಆರ್ದ್ರೆ ಮಂಕು. ಮಹಾವ್ಯಾಧನ ಎದುರು ಭುಜದ ನಕ್ಷತ್ರದಷ್ಟೇ." ಪಾಠದಲ್ಲಿ ಅದು ಆಕಾಶದ ಅತಿ ಪ್ರಕಾಶಮಾನ ನಕ್ಷತ್ರಗಳಲ್ಲೊಂದು ಎಂದಿತ್ತು. ನನ್ನ ಕಣ್ಣಿಗೇ ಕನ್ನಡಕ ಬೇಕಾಗಿರಬಹುದೆಂದು ಹೆದರಿ, ಆ ಸಾಲನ್ನು ರಬ್ಬರಿನಿಂದ ಉಜ್ಜಿ "ಪ್ರಕಾಶಮಾನ" ಎಂದು ತಿದ್ದಿದೆ.

ಟೀಚರ್ ಆ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಅಳಿಸಿದ್ದನ್ನು ಓದಿದರು. ಬೈಯಲಿಲ್ಲ. "ಟೆರೇಸ್ ಮನೆಯವನ ಜೊತೆ ಕೂರು" ಎಂದಷ್ಟೇ ಹೇಳಿದರು. ಇಡೀ ತರಗತಿ ನಕ್ಕಿತು.

ಕೆಲವೇ ದಿನಗಳಲ್ಲಿ ಪತ್ರಿಕೆಯಲ್ಲಿ ಸುದ್ದಿ ಬಂತು. ಆರ್ದ್ರೆ ಹಿಂದಿನ ವರ್ಷದ ಕೊನೆಯಿಂದಲೇ ಮಂಕಾಗುತ್ತಿತ್ತು, ಫೆಬ್ರವರಿಯಲ್ಲಿ ಇನ್ನೂ ಇಳಿಯಿತು. ನಕ್ಷತ್ರ ತಾನೇ ಉಗುಳಿದ ದೂಳು ಅದರ ಮುಖಕ್ಕೆ ಅಡ್ಡ ಬಂದಿತ್ತೆಂದು ವಿಜ್ಞಾನಿಗಳು ಮುಂದೆ ವಿವರಿಸಿದರು. ಮಾರ್ಚ್‌ನಲ್ಲಿ ಕೊರೊನಾ ಬಂದು ಶಾಲೆ ಮುಚ್ಚಿತು, ಪುಸ್ತಕ ನನ್ನ ಬಳಿಯೇ ಉಳಿಯಿತು. ಉಜ್ಜಿದ ಕಡೆ ಕಾಗದ ತೆಳ್ಳಗಾಗಿದೆ. ಬೆಳಕಿಗೆ ಹಿಡಿದರೆ "ಮಂಕು" ಎಂಬುದು ಈಗಲೂ ಕಾಣುತ್ತದೆ.