ಬಚ್ಚಲಿನ ಮರಗಪ್ಪೆಯನ್ನು ತೊಟ್ಟಿಯಲ್ಲಿ ಸಾಕಬೇಕೆ?

ನಮ್ಮ ಬಚ್ಚಲುಮನೆಗೆ ಬರುವ ಮರಗಪ್ಪೆಯನ್ನು ಖಾಲಿ ಬಿದ್ದಿರುವ ಮೀನಿನ ತೊಟ್ಟಿಯಲ್ಲಿಟ್ಟು ಸಾಕಬೇಕೆಂದು ಅಕ್ಕನ ಮಗಳು ಹಟ ಹಿಡಿದಿದ್ದಾಳೆ. ಬೇಡ ಎಂದು ಗದರಿಸಿ ಸುಮ್ಮನಾಗಿಸುವುದು ನನಗೆ ಸರಿಕಾಣಲಿಲ್ಲ. ಬೆಳಗಾವಿಯ ಹಳೆಯ ಮನೆಗಳಲ್ಲಿ ಈ ಕಪ್ಪೆ ಹೊಸದಲ್ಲ, ಮಕ್ಕಳ ಈ ಆಸೆಯೂ ಹೊಸದಲ್ಲವಾದ್ದರಿಂದ ಅವಳಿಗೆ ಹೇಳಿದ ಕಾರಣಗಳನ್ನು ಇಲ್ಲಿಯೂ ಬರೆಯುತ್ತಿದ್ದೇನೆ.

ಇದು ಕಂದು ಮೈಬಣ್ಣದ ಸಾಮಾನ್ಯ ಮರಗಪ್ಪೆ. ವಿಜ್ಞಾನಿಗಳು ಪಾಲಿಪೆಡೇಟಿಸ್ ಮ್ಯಾಕ್ಯುಲೇಟಸ್ ಎನ್ನುತ್ತಾರೆ. ತೊಡೆಯ ಹಿಂಬದಿಯಲ್ಲಿ ಹಳದಿ ಚುಕ್ಕೆಗಳಿರುತ್ತವೆ, ಬೆರಳ ತುದಿಯ ಅಗಲವಾದ ಬಿಲ್ಲೆಗಳ ಬಲದಿಂದ ನುಣುಪಾದ ಟೈಲ್ಸ್ ಮೇಲೂ ಜಾರದೆ ನಿಲ್ಲುತ್ತದೆ. ಒಣ ದಿನಗಳಲ್ಲಿ ತಂಪನ್ನು ಹುಡುಕಿಕೊಂಡು ಒಳಗೆ ಬಂದು, ಹಗಲೆಲ್ಲ ಕೈಕಾಲು ಮಡಚಿ ಮೂಲೆಯಲ್ಲಿ ಕುಳಿತು, ಕತ್ತಲಾದ ಮೇಲೆ ಹುಳಗಳ ಬೇಟೆಗೆ ಹೊರಡುತ್ತದೆ.

ಮುಖ್ಯವಾದ ಸಂಗತಿ ಅದರ ಚರ್ಮದ್ದು. ಕಪ್ಪೆ ಬಾಯಿಯಿಂದ ನೀರು ಕುಡಿಯುವುದಿಲ್ಲ. ಹೊಟ್ಟೆಯ ಕೆಳಭಾಗದ ತೆಳು ಚರ್ಮದಿಂದಲೇ ಹೀರಿಕೊಳ್ಳುತ್ತದೆ, ಉಸಿರಾಟದ ಒಂದು ಪಾಲೂ ಚರ್ಮದ ಮೂಲಕವೇ ನಡೆಯುತ್ತದೆ. ಹಾಗಾಗಿ ನೀರಿನಲ್ಲಿ ಬೆರೆತದ್ದು ಅದರ ಮೈಯೊಳಕ್ಕೂ ಇಳಿಯುತ್ತದೆ. ರಕ್ಕಸಕೊಪ್ಪದಿಂದಲೋ ಹಿಡಕಲ್‌ನಿಂದಲೋ ಶುದ್ಧೀಕರಣಗೊಂಡು ನಮ್ಮ ನಳಕ್ಕೆ ಬರುವ ನೀರಿನಲ್ಲಿರುವ ಕ್ಲೋರಿನ್ ನಮ್ಮನ್ನು ಕಾಯುತ್ತದೆ, ಕಪ್ಪೆಗೆ ಮಾತ್ರ ಹಾನಿ ಮಾಡುತ್ತದೆ. ನಮ್ಮ ಕೈಗೆ ಅಂಟಿದ ಸೋಪು, ಉಪ್ಪು, ಎಣ್ಣೆಯ ಮಾತೂ ಇದೇ. ಬಚ್ಚಲಿನಲ್ಲಿ ಅದು ಹಿಡಿಸದ ಜಾಗವನ್ನು ಬಿಟ್ಟು ಸರಿದು ಹೋಗಬಲ್ಲದು. ತೊಟ್ಟಿಯೊಳಗೆ ಹೋಗುವುದಾದರೂ ಎಲ್ಲಿಗೆ?

ಊಟದ ಚಿಂತೆ ಬೇರೆ. ಅದು ಜೀವಂತವಾಗಿ ಅಲುಗಾಡುವ ಹುಳವನ್ನೇ ಹಿಡಿಯುತ್ತದೆ, ಅನ್ನದ ಅಗುಳನ್ನು ಮೂಸುವುದೂ ಇಲ್ಲ. ಒಂದೇ ಬಗೆಯ ಹುಳ ಹಾಕುತ್ತಿದ್ದರೆ ಕ್ಯಾಲ್ಸಿಯಂ ಸಾಲದೆ ಮೂಳೆಗಳು ಸೊರಗುತ್ತವೆ.

ಹಾಗಾದರೆ ಹೊರದೇಶದ ಮರಗಪ್ಪೆಯನ್ನು ಕೊಂಡು ತರಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ಚರ್ಮಕ್ಕೆ ತಗುಲಿ ಕಪ್ಪೆಗಳನ್ನು ಕೊಲ್ಲುವ, 1999ರಲ್ಲಿ ವಿಜ್ಞಾನಿಗಳು ಹೆಸರಿಟ್ಟು ವಿವರಿಸಿದ ಕಿಟ್ರಿಡ್ ಶಿಲೀಂಧ್ರ ಖಂಡದಿಂದ ಖಂಡಕ್ಕೆ ಹರಡಿದ್ದರಲ್ಲಿ ಕಪ್ಪೆಗಳ ವ್ಯಾಪಾರದ ಪಾಲು ದೊಡ್ಡದು. ಖಾನಾಪುರದ ಕಾಡು, ಭೀಮಗಡದ ಅಭಯಾರಣ್ಯಗಳನ್ನು ಇಷ್ಟು ಹತ್ತಿರ ಇಟ್ಟುಕೊಂಡ ನಮಗೆ ಅಂಥ ಧೈರ್ಯ ಬೇಡ.

ಅವಳ ಆಸೆಗೆ ನಾನು ಹಿತ್ತಲಿನ ದಾಸವಾಳದ ಕೆಳಗೆ ಮಳೆನೀರಿನ ಅಗಲವಾದ ಬೋಗುಣಿ ಇಟ್ಟಿದ್ದೇನೆ. ಮಳೆಗಾಲದಲ್ಲಿ ಹೆಣ್ಣುಗಪ್ಪೆ ನೀರಿನ ಮೇಲ್ಗಡೆಯ ಎಲೆಗೋ ಗೋಡೆಗೋ ಅಂಟಿಕೊಂಡು, ತನ್ನ ಮೈಯಿಂದ ಬಂದ ದ್ರವವನ್ನು ಹಿಂಗಾಲುಗಳಿಂದ ಕಡೆದು ನೊರೆಯ ಗೂಡು ಕಟ್ಟಿ ಅದರಲ್ಲಿ ಮೊಟ್ಟೆ ಇಡುತ್ತದೆ. ಮರಿಗಳು ನೊರೆಯಿಂದ ಕೆಳಗಿನ ನೀರಿಗೆ ಬೀಳುತ್ತವೆ. ಗೂಡು ಕಾಣದಿದ್ದರೆ ಸೊಳ್ಳೆಯಾಗದಂತೆ ವಾರಕ್ಕೊಮ್ಮೆ ನೀರು ಬದಲಿಸುವುದು ನನ್ನ ಕೆಲಸ. ಬಚ್ಚಲಿಗೆ ಫಿನೈಲ್ ಹಾಕುವ ದಿನ ಕಪ್ಪೆಯನ್ನು ಒದ್ದೆ ಕೈಯಿಂದ ಮೆಲ್ಲಗೆ ಎತ್ತಿ ಹಿತ್ತಲಿಗೆ ಬಿಟ್ಟು, ಆಮೇಲೆ ಸೋಪು ಹಚ್ಚಿ ಕೈ ತೊಳೆದುಕೊಳ್ಳುವುದು ಅವಳ ಕೆಲಸ.