ಕತೆ ಓದಿದರೆ ಯಾವ ಹೆಣ್ಣಿಗೆ ನ್ಯಾಯ ಸಿಗುತ್ತೆ?

ಹೆಣ್ಣುಮಕ್ಕಳ ಮೇಲಿನ ದೌರ್ಜನ್ಯದ ಮಾತು ಬಂದಾಗ ನಾನು ಕತೆ, ಕಾದಂಬರಿ ಅಂತ ಶುರು ಮಾಡಿದರೆ ಸಾಕು, ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: ‘ಪೊಲೀಸು, ಕೋರ್ಟು, ಕಾನೂನು ಎಲ್ಲ ಇದೆಯಲ್ಲ, ಕತೆ ಓದಿ ಏನಾಗಬೇಕು?’

ಕತೆ ಯಾರನ್ನೂ ಜೈಲಿಗೆ ಕಳಿಸುವುದಿಲ್ಲ, ಒಪ್ಪುತ್ತೇನೆ. ಆದರೆ ಕೋರ್ಟಿನ ಕಣ್ಣು ಆರೋಪಿಯ ಮೇಲಿರುತ್ತದೆ. ಸುತ್ತ ನಿಂತು ನೋಡಿದವರನ್ನು ತೋರಿಸುವುದು ಕತೆಯೇ.

ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯ ನಾದಿರಾಳನ್ನೇ ನೋಡಿ. ಗಂಡನ ಜೊತೆ ಚೆನ್ನಾಗಿದ್ದವಳು. ಅಳಿಯನ ಮೇಲಿನ ಸಿಟ್ಟಿಗೆ ಅಪ್ಪ ಅವಳನ್ನು ತವರಿಗೆ ಕರೆತಂದು ತಲಾಖ್ ಕೊಡಿಸಿಬಿಡುತ್ತಾನೆ. ಗಂಡನಿಗೆ ಅವಳು ಬೇಕು, ಅವಳಿಗೆ ಗಂಡನೂ ಮಗುವೂ ಬೇಕು. ಆದರೆ ಮತ್ತೆ ಸೇರಬೇಕಾದರೆ ಇನ್ನೊಬ್ಬನನ್ನು ಮದುವೆಯಾಗಿ, ಒಂದು ರಾತ್ರಿ ಅವನ ಜೊತೆ ಕಳೆದು, ಅವನಿಂದ ತಲಾಖ್ ಪಡೆದು ಬರಬೇಕಂತೆ. ಅದಕ್ಕೂ ಏರ್ಪಾಡಾಗುತ್ತದೆ. ಆ ರಾತ್ರಿ ನಾದಿರಾ ಮಸೀದಿಯ ಕೊಳದಲ್ಲಿ ಪ್ರಾಣ ಬಿಡುತ್ತಾಳೆ.

ಇಲ್ಲಿ ಯಾರನ್ನು ಹಿಡಿದು ಕಟಕಟೆಗೆ ನಿಲ್ಲಿಸುತ್ತೀರಿ? ಒಂದೇ ಉಸಿರಿನ ಮೂರು ತಲಾಖ್ ಅನ್ನು ಸುಪ್ರೀಂ ಕೋರ್ಟ್ 2017ರಲ್ಲಿ ರದ್ದು ಮಾಡಿತು, 2019ರಲ್ಲಿ ಅದು ಅಪರಾಧವೂ ಆಯಿತು. ಆಗಲೇಬೇಕಿತ್ತು. ಆದರೆ ಮಗಳನ್ನು ಒಂದು ಮಾತೂ ಕೇಳದೆ ಅವಳ ಬದುಕನ್ನು ತೀರ್ಮಾನ ಮಾಡಿದ ಆ ಅಪ್ಪ? ಅವನಂಥವರು ಎಲ್ಲ ಜಾತಿ, ಎಲ್ಲ ಧರ್ಮದ ಮನೆಗಳಲ್ಲೂ ಇದ್ದಾರೆ. ಪೆಟ್ಟು ತಿಂದು ತವರಿಗೆ ಬಂದವಳನ್ನು ‘ಹೊಂದಿಕೊಂಡು ಹೋಗಮ್ಮ’ ಅಂತ ಬುದ್ಧಿ ಹೇಳಿ, ಬಸ್ ಹತ್ತಿಸಿ ಬರುವವರು ಅವಳನ್ನು ಪ್ರೀತಿಸುವವರೇ ಅಲ್ವಾ?

ದ್ರೌಪದಿ ತುಂಬಿದ ಸಭೆಯಲ್ಲಿ ಕೇಳಿದ್ದೂ ಕಾನೂನಿನ ಪ್ರಶ್ನೆಯನ್ನೇ. ಧರ್ಮರಾಯ ಮೊದಲು ತನ್ನನ್ನೇ ಸೋತಿದ್ದರೆ, ಆಮೇಲೆ ನನ್ನನ್ನು ಪಣಕ್ಕಿಡಲು ಅವನಿಗೆ ಏನು ಹಕ್ಕಿತ್ತು? ಧರ್ಮ ಸೂಕ್ಷ್ಮ ಅಂತ ಭೀಷ್ಮ ಜಾರಿಕೊಂಡ. ಅವಳ ಪರವಾಗಿ ಬಾಯಿ ಬಿಟ್ಟ ವಿಕರ್ಣನನ್ನು ಗದರಿಸಿ ಕೂರಿಸಿದರು. ಆ ಸಭೆಯನ್ನು ಓದುವಾಗ ನನಗೆ ದುಶ್ಶಾಸನನಿಗಿಂತ ಜಾಸ್ತಿ ಸಿಟ್ಟು ಬರುವುದು ಕೂತಿದ್ದ ಹಿರಿಯರ ಮೇಲೆ.

ಹೀಗೆ ಓದಿದ ಕಣ್ಣು ಕೋರ್ಟಿಗೂ ಬೇಕು. 1972ರಲ್ಲಿ ಮಹಾರಾಷ್ಟ್ರದ ಒಬ್ಬ ಆದಿವಾಸಿ ಹುಡುಗಿಯ ಮೇಲೆ ಪೊಲೀಸ್ ಠಾಣೆಯೊಳಗೇ ಅತ್ಯಾಚಾರವಾದ ಪ್ರಕರಣ ನೆನಪಿರಬಹುದು. ಮೈಮೇಲೆ ಗಾಯವಿಲ್ಲ, ಕೂಗಾಡಿದ್ದಕ್ಕೆ ಆಧಾರವಿಲ್ಲ ಅಂತ ಸುಪ್ರೀಂ ಕೋರ್ಟ್ ಪೊಲೀಸರನ್ನು ಬಿಟ್ಟಿತು. ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ವಸುಧಾ ಧಾಗಮ್ವಾರ್, ರಘುನಾಥ ಕೇಳ್ಕರ್ ಎಂಬ ನಾಲ್ವರು ಕಾನೂನು ಅಧ್ಯಾಪಕರು 1979ರಲ್ಲಿ ಮುಖ್ಯ ನ್ಯಾಯಮೂರ್ತಿಗೆ ಬಹಿರಂಗ ಪತ್ರ ಬರೆದರು. ಠಾಣೆಯೊಳಗೆ ಇಬ್ಬರು ಪೊಲೀಸರ ಕೈಗೆ ಸಿಕ್ಕ ಹುಡುಗಿ ಯಾರನ್ನು ಕೂಗಿ ಕರೆಯಬೇಕಿತ್ತು ಅಂತ ಅದರಲ್ಲಿ ಕೇಳಿದರು. ಸುಮ್ಮನಿದ್ದ ಮಾತ್ರಕ್ಕೆ ಒಪ್ಪಿದಳು ಅಂತ ಅರ್ಥವೇ? ಆ ಜಾಗದಲ್ಲಿ ಯಾರಿಗೆ ಅಧಿಕಾರವಿತ್ತು, ಯಾರಿಗೆ ಭಯವಿತ್ತು ಅನ್ನುವುದನ್ನು ತೀರ್ಪು ನೋಡಲಿಲ್ಲ, ಪತ್ರ ನೋಡಿತು. ದೇಶದ ಹೆಣ್ಣುಮಕ್ಕಳು ಬೀದಿಗಿಳಿದರು. 1983ರಲ್ಲಿ ಕಾನೂನು ಬದಲಾಯಿತು. ಪೊಲೀಸ್ ವಶದಲ್ಲಿ ನಡೆದ ಅತ್ಯಾಚಾರದಲ್ಲಿ, ಲೈಂಗಿಕ ಕ್ರಿಯೆ ನಡೆದದ್ದು ಸಾಬೀತಾಗಿ, ನನಗೆ ಒಪ್ಪಿಗೆ ಇರಲಿಲ್ಲ ಅಂತ ಆಕೆ ಹೇಳಿದರೆ, ಒಪ್ಪಿಗೆ ಇರಲಿಲ್ಲ ಅಂತಲೇ ಕೋರ್ಟು ಭಾವಿಸಿಕೊಂಡು ವಿಚಾರಣೆ ಮಾಡಬೇಕು.

ಅದಕ್ಕೇ ಕಾನೂನು ಓದುವ ಮಕ್ಕಳು ಸಿಕ್ಕಾಗ ಆ ತೀರ್ಪನ್ನೂ ನಾದಿರಾಳ ಕತೆಯನ್ನೂ ಜೊತೆಗಿಟ್ಟು ಓದಿ ಅನ್ನುತ್ತೇನೆ.