ಚೀಲದ ಕಾಂಕ್ರೀಟಿನ ಅಡುಗೆಕಟ್ಟೆ

ನಮ್ಮ ಅಡುಗೆಮನೆ ಕಟ್ಟೆ ಸದ್ಯ ಗ್ಯಾರೇಜಲ್ಲಿ ಬೋರಲು ಮಲಗಿದೆ. ಡಲ್ಲಾಸಿನಲ್ಲಿ ಗ್ರಾನೈಟ್ ಕೂರಿಸೋರ ರೇಟು ಕೇಳಿದ ಮೇಲೆ, ನೀರು ಹಾಕಿ ಕಲಸಿದರಾಯ್ತು ಅನ್ನೋ ‘ಕ್ವಿಕ್ರೀಟ್ 5000’ ಹೆಸರಿನ ಕಾಂಕ್ರೀಟ್ ಮಿಶ್ರಣದ ಚೀಲಗಳನ್ನೇ ತಂದೆವು. ಚೀಲಕ್ಕೆ 80 ಪೌಂಡ್, ಅಂದರೆ 36 ಕೆಜಿ. ಒಂದೂವರೆ ಇಂಚು ದಪ್ಪ ಹಾಕಿದರೆ ಒಂದು ಚೀಲಕ್ಕೆ 5 ಚದರಡಿಯೂ ಪೂರ್ತಿ ಬರಲ್ಲ.

ಗುಟ್ಟೆಲ್ಲ ನೀರಲ್ಲಿದೆ. ಜಾಸ್ತಿಯಾದರೆ ಸುರಿಯೋಕೆ ಸಲೀಸು, ಆಮೇಲೆ ಬಿರುಕು. ಹಿಡಿಯಲ್ಲಿ ಅದುಮಿದರೆ ಉಂಡೆ ನಿಲ್ಲಬೇಕು, ನೀರು ಜಿನುಗಬಾರದು. ನುಣುಪು ಲೇಪದ ಮೆಲಮೈನ್ ಹಲಗೆಯ ಅಚ್ಚಿಗೆ ತುಂಬಿ, ಪಕ್ಕಕ್ಕೆ ಸ್ಯಾಂಡರ್ (ಮರ ಉಜ್ಜೋ ಯಂತ್ರ) ಒತ್ತಿ ಹಿಡಿದರೆ ಅದರ ನಡುಕಕ್ಕೆ ಗಾಳಿಗುಳ್ಳೆಗಳು ಬುಳುಬುಳು ಅಂತ ಮೇಲೆ ಬರ್ತಾವೆ. ನೋಡ್ತಾ ನಿಂತರೆ ಹೊತ್ತೇ ಗೊತ್ತಾಗಲ್ಲ! ತಳಕ್ಕೆ ತಾಗಿದ ಮುಖವೇ ಆಮೇಲೆ ಮೇಲ್ಮೈ.

ಮೇಲ್ಮೈ ಕಾಯೋ ಸೀಲರ್ ಲೇಪ ಬಳಿಯದಿದ್ದರೆ ಹುಣಸೆಹುಳಿ, ನಿಂಬೆರಸ ಬಿದ್ದಲ್ಲೆಲ್ಲ ಸಿಮೆಂಟು ಸವೆದು ಮಚ್ಚೆ. ದಿನಾ ಸಾರು ಮಾಡೋ ಮನೆ ನಮ್ಮದು, ಅದೇ ಯೋಚನೆ.

ಚಾಮರಾಜನಗರದ ಕರಿಕಲ್ಲು ಕಡಲು ದಾಟಿ ಹೋಗೋದನ್ನು ಕಂಡವರು ಅಮ್ಮ. ವಿಡಿಯೋ ಕಾಲಲ್ಲಿ ತೋರಿಸಿದರೆ, "ನಿಮ್ಮೂರಲ್ಲಿ ಕಲ್ಲಿಗೂ ಬರವಾ?" ಅಂದರು. ಕಲ್ಲಿಗಲ್ಲಮ್ಮಾ, ಕೆಲಸದೋರಿಗೆ ಬರ. ಅಲ್ಲಿ ಮೇಸ್ತ್ರಿ ಕರೆದರೆ ಮುಗೀತು, ಇಲ್ಲಿ ದೊಡ್ಡ ಸಂಬಳದೋರೂ ಬಾಂಡ್ಲಿ ಹಿಡೀತಾರೆ.

ಅಂಚು ಉಜ್ಜೋಕೆ ಡೈಮಂಡ್ ಪ್ಯಾಡ್ ಇರೋರು ಯಾರಾದರೂ ಹತ್ತಿರದಲ್ಲಿದ್ದೀರಾ?